ಓದುಗರ ಪ್ರಶ್ನೆ, ತಜ್ಞರ ಉತ್ತರ: ಬೂದಿ ಬೀಳುವ ಊರಿನಲ್ಲಿ ಬಾಳುವೆ

ಪ್ರಶ್ನೆ: ಮಗಳು ಓದಲು ಇಟಲಿಯ ಕತಾನಿಯಾಕ್ಕೆ ಹೊರಟಿದ್ದಾಳೆ. ಎಟ್ನಾ ಜ್ವಾಲಾಮುಖಿ ಆ ಊರಿಗೇ ಕಾಣುತ್ತದಂತೆ. ಲಾವಾ ನುಗ್ಗಿ ಬಂದರೆ ಏನು ಗತಿ? ಅವಳು ಏನೇನು ಜೊತೆಗಿಟ್ಟುಕೊಳ್ಳಬೇಕು?
(ಓದುಗರೊಬ್ಬರು, ಕುವೆಂಪುನಗರ, ಮೈಸೂರು)

ಉತ್ತರ: ಲಾವಾದ ಚಿಂತೆ ಬಿಡಿ. 1669ರಲ್ಲಿ ಅದು ಕತಾನಿಯಾದವರೆಗೂ ಬಂದದ್ದು ನಿಜ, ಆದರೆ ವಾರಗಟ್ಟಲೆ ತೆವಳಿಕೊಂಡು ಬಂತು. ಅಲ್ಲಿ ವಾಸಿಸುವವರನ್ನು ಈಗ ಕಾಡುವುದು ಬೂದಿ. 2024ರ ಜುಲೈನಲ್ಲಿ ಬೀದಿಗಳ ಮೇಲೆಲ್ಲ ಕಪ್ಪು ಬೂದಿ ಸುರಿದು ವಿಮಾನ ನಿಲ್ದಾಣ ಮುಚ್ಚಿತು. ನಗರಾಡಳಿತ ದ್ವಿಚಕ್ರ ವಾಹನಗಳನ್ನೇ ನಿಲ್ಲಿಸಿ, ಕಾರುಗಳಿಗೆ ಗಂಟೆಗೆ 30 ಕಿ.ಮೀ. ಮಿತಿ ಹಾಕಿತು. ನುಣುಪು ನೆಲದ ಮೇಲೆ ರಾಗಿ ಚೆಲ್ಲಿ ಅದರ ಮೇಲೆ ನಡೆದು ನೋಡಿ, ಕಾರಣ ಗೊತ್ತಾಗುತ್ತದೆ. ಮಗಳು ಸ್ಕೂಟರ್ ಕೊಳ್ಳುವ ಯೋಚನೆಯಲ್ಲಿದ್ದರೆ ಇದನ್ನು ಮೊದಲು ಹೇಳಿ.

ಹೆಸರಿಗೆ ಬೂದಿ, ಆದರೆ ಏನೂ ಸುಟ್ಟು ಆದದ್ದಲ್ಲ. 2 ಮಿ.ಮೀ.ಗಿಂತ ಸಣ್ಣ ಕಲ್ಲಿನ, ಗಾಜಿನ ಚೂರುಗಳು. ನೀರಿನಲ್ಲಿ ಕರಗುವುದಿಲ್ಲ, ಉಜ್ಜಿದರೆ ಗೀರುತ್ತದೆ. ಹಾಗಾಗಿ ಕಣ್ಣಿಗೆ ಬಿದ್ದರೆ ಉಜ್ಜದೆ ನೀರಿನಲ್ಲಿ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಟ್ಟು ಕನ್ನಡಕ ಹಾಕಿಕೊಳ್ಳಬೇಕು. ಮೂಗಿಗೆ ಎನ್95 ಮಾಸ್ಕ್ ಬೇಕು. ಕರ್ಚೀಫು ಕಟ್ಟಿಕೊಂಡರೆ ದಪ್ಪ ಕಣ ನಿಲ್ಲುತ್ತದೆ, ಶ್ವಾಸಕೋಶಕ್ಕೆ ಇಳಿಯುವ ನುಣ್ಣನೆಯದು ನಿಲ್ಲುವುದಿಲ್ಲ. ಆಸ್ತಮಾ ಇದ್ದರೆ ಇನ್‌ಹೇಲರ್ ಒಂದಕ್ಕೆ ಎರಡು ಇರಲಿ. ಬೂದಿ ಬೀಳುವಾಗ ಎಸಿ ಆಫ್ ಮಾಡಿ, ಬಾಗಿಲು ಕಿಟಕಿಗಳ ಸಂದಿಗೆ ಒದ್ದೆ ಬಟ್ಟೆ ತುರುಕಿ ಒಳಗಿರುವುದೇ ಕ್ಷೇಮ. ಕುಡಿಯಲು, ಅಡುಗೆಗೆ ಎಂದು ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ ನೀರು ತುಂಬಿಟ್ಟಿರಲಿ.

ಹೆಚ್ಚಿನವರು ತಪ್ಪು ಮಾಡುವುದು ಗುಡಿಸುವಾಗ. ಒಣ ಬೂದಿ ಗುಡಿಸಿದರೆ ಮತ್ತೆ ಗಾಳಿಗೇಳುತ್ತದೆ. ಪೈಪು ಹಿಡಿದು ನೀರು ಬಿಟ್ಟರೆ ಮೋರಿಗೆ ಹೋಗಿ ಗಾರೆಯಂತೆ ಕೂತುಬಿಡುತ್ತದೆ, ಆಮೇಲೆ ಕಿತ್ತೇ ತೆಗೆಯಬೇಕು. ರಂಗೋಲಿಗೆ ಮುಂಚೆ ಅಂಗಳಕ್ಕೆ ಚಿಮುಕಿಸುವಷ್ಟು ನೀರು ಸಾಕು. ಗುಡಿಸಿದ್ದನ್ನು ಚೀಲಕ್ಕೆ ಅರ್ಧ ಮಾತ್ರ ತುಂಬಬೇಕು, ಪೂರ್ತಿ ತುಂಬಿದರೆ ಎತ್ತಲಾಗದು. ಕಾರಿನ ಗಾಜಿನ ಮೇಲೆ ಬೂದಿ ಇದ್ದಾಗ ವೈಪರ್ ಹಾಕಿದರೆ ಗಾಜು ಕೆಟ್ಟಂತೆಯೇ. ಮೊದಲು ನೀರು ಸುರಿದು ಇಳಿಸಬೇಕು.

ಬೆಟ್ಟ ಹತ್ತುವ ಆಸೆ ಇದ್ದೇ ಇರುತ್ತದೆ. ಮಾರ್ಗದರ್ಶಿ ಇಲ್ಲದೆ, ಆ ದಿನ ಅನುಮತಿ ಇರುವ ಎತ್ತರ ಮೀರಿ ಹೋಗಕೂಡದು. 2025ರ ಜೂನ್ 2ರಂದು ಎಟ್ನಾ ಶಿಖರದ ಒಂದು ಕಡೆ ಕುಸಿದು ಬಿಸಿ ಅನಿಲ, ಬೂದಿಯ ಮೋಡ ಇಳಿಜಾರಿನಲ್ಲಿ ಉರುಳಿತು, ಪ್ರವಾಸಿಗಳು ಓಡಬೇಕಾಯಿತು. ಅಂಥ ಮೋಡಕ್ಕೆ ಸಿಕ್ಕಿದವರಿಗೆ ಯಾವ ಮಾಸ್ಕೂ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ಆಲೆಮನೆ ಒಲೆಯ ಬೂದಿಯನ್ನು ಗದ್ದೆಗೆ ಹಾಕುತ್ತೇವೆ. ಜ್ವಾಲಾಮುಖಿ ಬೂದಿಯೂ ಒಳ್ಳೆಯ ಗೊಬ್ಬರ ಅನ್ನುತ್ತಾರಲ್ಲ, ಹೌದೇ?
(ರೈತರೊಬ್ಬರು, ಪಾಂಡವಪುರ)

ಉತ್ತರ: ಎರಡಕ್ಕೂ ಹೆಸರು ಒಂದೇ, ಗುಣ ಬೇರೆ. ನಿಮ್ಮ ಬೂದಿ ಕಬ್ಬಿನ ಸಿಪ್ಪೆ ಉರಿದು ಉಳಿದದ್ದು, ಅದರ ಪೊಟ್ಯಾಷ್ ಬೇಗ ಬೆಳೆಗೆ ದಕ್ಕುತ್ತದೆ. ಜ್ವಾಲಾಮುಖಿಯದು ಕಲ್ಲಿನ ಪುಡಿ. ಅದು ಶಿಥಿಲವಾಗಿ ಮಣ್ಣಾಗಲು ವರ್ಷಗಟ್ಟಲೆ, ಕೆಲವು ಕಡೆ ತಲೆಮಾರುಗಟ್ಟಲೆ ಬೇಕು. ಜಾವಾದವರು ಅಂಥ ಬೆಟ್ಟಗಳ ಬುಡದಲ್ಲೇ ಭತ್ತ ಬೆಳೆಯುತ್ತಿರುವುದು ಹಿಂದಿನ ಸ್ಫೋಟಗಳ ಪುಣ್ಯದಿಂದ.

ಹೊಸ ಬೂದಿ ಮಾತ್ರ ರೈತನಿಗೆ ಕಂಟಕ. ಮಳೆ ಬಿದ್ದ ಮೇಲೆ ಹೆಪ್ಪುಗಟ್ಟಿ ನೀರು ಇಂಗಲು ಬಿಡುವುದಿಲ್ಲ. ತೆಳುವಾಗಿ ಬಿದ್ದಿದ್ದರೆ ಉತ್ತು ಮಣ್ಣಿಗೆ ಬೆರೆಸುತ್ತಾರೆ, ದಪ್ಪನಾಗಿದ್ದರೆ ಕೆರೆದು ತೆಗೆಯುತ್ತಾರೆ. ದನಕರುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೂದಿಗೆ ಅಂಟಿದ ಫ್ಲೋರೈಡ್ ಹುಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. 1783ರ ಲಾಕಿ ಸ್ಫೋಟದಲ್ಲಿ ಐಸ್‌ಲ್ಯಾಂಡಿನ ಬಹುಪಾಲು ಕುರಿಗಳು ಸತ್ತವು, ಹಿಂದೆಯೇ ಬಂದ ಬರಗಾಲಕ್ಕೆ ಸುಮಾರು ಐದರಲ್ಲೊಂದು ಪಾಲು ಜನ ಹೋದರು. ಆದ್ದರಿಂದ ಕೊಟ್ಟಿಗೆಯಲ್ಲೇ ಕಟ್ಟಿ ಒಣಮೇವು ಹಾಕುವುದು, ನೀರಿನ ತೊಟ್ಟಿ ಮುಚ್ಚುವುದು ಅಲ್ಲಿನ ಮೊದಲ ಕೆಲಸ. ‘ಜ್ವಾಲಾಮುಖಿ ಪುಡಿ’ ಎಂದು ಯಾರಾದರೂ ಚೀಲ ಹೊತ್ತು ತಂದರೆ, ದುಡ್ಡು ಕೊಡುವ ಮುಂಚೆ ಮಂಡ್ಯದ ವಿ.ಸಿ. ಫಾರಂನ ಕೃಷಿ ತಜ್ಞರನ್ನು ಒಂದು ಮಾತು ಕೇಳಿ.

ಪ್ರಶ್ನೆ: ಕೆಲವು ಜ್ವಾಲಾಮುಖಿ ಸುಮ್ಮನೆ ಹರಿಯುತ್ತವೆ, ಕೆಲವು ಸಿಡಿಯುತ್ತವೆ, ಯಾಕೆ? ಜನ ಯಾವಾಗ ಊರು ಬಿಡಬೇಕು?
(ಪದವಿ ವಿದ್ಯಾರ್ಥಿನಿ, ಶ್ರೀರಂಗಪಟ್ಟಣ)

ಉತ್ತರ: ಆಲೆಮನೆಯಲ್ಲೇ ಉತ್ತರ ಇದೆ. ಕೊಪ್ಪರಿಗೆಯ ಕಬ್ಬಿನ ಹಾಲು ತೆಳ್ಳಗಿದ್ದಾಗ ಗುಳ್ಳೆ ಸಲೀಸಾಗಿ ಒಡೆಯುತ್ತದೆ. ಪಾಕ ಗಟ್ಟಿಯಾದಂತೆ ಗುಳ್ಳೆ ಒಳಗೇ ಸಿಕ್ಕಿಕೊಂಡು ‘ಪಟ್’ ಎಂದು ಸಿಡಿದು ಕೈಮೇಲೆ ಹಾರುತ್ತದೆ. ಶಿಲಾರಸದಲ್ಲಿ, ಅಂದರೆ ನೆಲದಡಿಯ ಕರಗಿದ ಕಲ್ಲಿನಲ್ಲಿ, ಸಿಲಿಕಾ (ಮರಳಿನಲ್ಲಿರುವ ಖನಿಜ) ಹೆಚ್ಚಾದಷ್ಟೂ ಅದು ಗಟ್ಟಿ ಪಾಕ. ಹವಾಯಿಯದು ತೆಳು, ಫಿಲಿಪೀನ್ಸಿನ ಪಿನಟುಬೊದ್ದು ಗಟ್ಟಿ.

ಏಳುವ ಮುಂಚೆ ಬೆಟ್ಟ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ: ಸಣ್ಣ ಸಣ್ಣ ಕಂಪನಗಳು, ಇಳಿಜಾರು ಉಬ್ಬುವುದು, ಗಂಧಕದ ಡೈಆಕ್ಸೈಡ್ ಹೆಚ್ಚುವುದು. ಈ ಮೂರನ್ನೂ ಒಟ್ಟಿಗೆ ನೋಡಿ ಎಚ್ಚರಿಕೆಯ ಹಂತ ಏರಿಸುತ್ತಾರೆ. ಇಂಡೊನೇಷ್ಯಾದಲ್ಲಿ ನಾಲ್ಕು ಹಂತ, ಕೊನೆಯದು ‘ಅವಾಸ್’. ಪಿನಟುಬೊದಲ್ಲಿ 1991ರ ಜೂನ್ 15ರ ಮಹಾಸ್ಫೋಟಕ್ಕೆ ಮುಂಚೆಯೇ ಹತ್ತಾರು ಸಾವಿರ ಜನರನ್ನು ತೆರವು ಮಾಡಿದ್ದರು. ಆದರೂ ಅದೇ ದಿನ ಚಂಡಮಾರುತ ಬಂದು ಮಾಡಿನ ಮೇಲಿನ ಬೂದಿ ನೆನೆಯಿತು, ಮನೆ ಕುಸಿದೇ ನೂರಾರು ಜನ ಸತ್ತರು. ಲೆಕ್ಕ ಹಾಕಿ ನೋಡಿ. 10 ಅಡಿಗೆ 10 ಅಡಿಯ ಕೋಣೆಯ ಮೇಲೆ 10 ಸೆಂ.ಮೀ. ಒದ್ದೆ ಬೂದಿ ಎಂದರೆ ಸುಮಾರು 1,400 ಕೆ.ಜಿ., ಅಂದರೆ 28 ಮೂಟೆ ಸಿಮೆಂಟ್. ಹೆಂಚಿನ ಮಾಡು ಎಲ್ಲಿ ತಡೆದೀತು? ಬೂದಿಯನ್ನು ದಪ್ಪ ಕಟ್ಟುವ ಮೊದಲೇ ಇಳಿಸಬೇಕು, ಅದೂ ಒಬ್ಬರೇ ಹತ್ತಬಾರದು.

ಸೂಚನೆ ಸಿಕ್ಕೂ ಕೆಟ್ಟದ್ದಕ್ಕೆ ಕೊಲಂಬಿಯಾದ ಅರ್ಮೆರೊ ಸಾಕ್ಷಿ. ಅಪಾಯದ ನಕ್ಷೆ ಆಗಲೇ ತಯಾರಿತ್ತು. 1985ರ ನವೆಂಬರ್ 13ರ ರಾತ್ರಿ ನೆವಾಡೊ ದೆಲ್ ರೂಯಿಸ್ ಜ್ವಾಲಾಮುಖಿ ಸಿಡಿದು ಶಿಖರದ ಹಿಮ ಕರಗಿ, ಕೆಸರಿನ ಪ್ರವಾಹ ಕಣಿವೆ ಹಿಡಿದು ಬಂತು. ಅದು ಊರು ಮುಟ್ಟಲು ಸುಮಾರು ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತಿದ್ದೂ ತೆರವಿನ ಆದೇಶ ಜನರನ್ನು ತಲುಪಲಿಲ್ಲ, ಸುಮಾರು 23,000 ಜನ ಹೋದರು. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ನದಿ ಪಾತ್ರ ಬಿಟ್ಟು ಮೇಲೆ ಹೋಗಿ ಎಂದು ನಿಮ್ಮೂರಲ್ಲಿ ಸಾರುತ್ತಾರಲ್ಲ, ಕೆಸರಿಗೂ ಅದೇ ಬುದ್ಧಿ. ಹೊಳೆಗುಂಟ ಕೆಳಕ್ಕೆ ಓಡದೆ ಪಕ್ಕದ ದಿಬ್ಬ ಹತ್ತಬೇಕು. ಸೇತುವೆ ದಾಟುವ ಮುಂಚೆ ಮೇಲಿನ ಕಡೆ ಒಮ್ಮೆ ನೋಡಬೇಕು.

ಪ್ರಶ್ನೆ: ಚಾಮುಂಡಿ ಬೆಟ್ಟ ಹಿಂದೆ ಜ್ವಾಲಾಮುಖಿಯಾಗಿತ್ತು ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?
(ಓದುಗರು, ನಂಜನಗೂಡು)

ಉತ್ತರ: ಅಲ್ಲ. ಬೆಟ್ಟದ ನಂದಿಯನ್ನು ಕಡೆದದ್ದೂ ಬೆಟ್ಟದ ಕಲ್ಲಿನಲ್ಲೇ. ಅಲ್ಲಿರುವುದು ಗ್ರಾನೈಟ್, ನೆಲದಾಳದಲ್ಲೇ ನಿಧಾನವಾಗಿ ತಣಿದು ಗಟ್ಟಿಯಾದ ಕಲ್ಲು. ಮೇಲೆ ಉಕ್ಕಿ ಬಂದದ್ದಲ್ಲ. ಭಾರತದ ಸಕ್ರಿಯ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. 1991ರಲ್ಲಿ ಮತ್ತೆ ಎದ್ದಿತು, ಅಲ್ಲಿ ಜನವಸತಿ ಇಲ್ಲ. 2025ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿಯ ಬೂದಿ ಉತ್ತರ ಭಾರತದ ಮೇಲೆ ಬಹಳ ಎತ್ತರದಲ್ಲಿ ಹಾದು ಹೋಗಿ ಕೆಲವು ವಿಮಾನಗಳು ರದ್ದಾದವು. ಬೂದಿ ಜೆಟ್ ಎಂಜಿನ್ನಿನೊಳಗೆ ಕರಗಿ ಗಾಜಾಗಿ ಅಂಟುತ್ತದೆ, ಅದಕ್ಕೇ ರದ್ದು ಮಾಡುತ್ತಾರೆ.