ಆಲ್ಜೀಬ್ರಾ 64 ಅಂದ್ರೆ ವರ್ಷ ಹೋಯ್ತು ಅಂತಲ್ಲ

ಟೆಕ್ಸಾಸ್‌ನಲ್ಲಿ ಒಂಬತ್ತನೇ ಕ್ಲಾಸಿನ ಮಗನಿಗೆ ಮೊದಲ ಸೆಮಿಸ್ಟರ್ ಆಲ್ಜೀಬ್ರಾದಲ್ಲಿ 64 ಬಂದಿದೆ, ವರ್ಷ ಹಾಳಾಯಿತಾ ಅಂತ ಕೇಳಿದ್ದೀರಿ. ಗಾಬರಿ ಬೇಡ ಮೇಡಂ. ನಮ್ಮ ಎಸ್ಸೆಸ್ಸೆಲ್ಸಿ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪಾಸಾಗಲು 70 ಬೇಕು. ಪಾಸಾದರೆ ಸೆಮಿಸ್ಟರ್‌ಗೆ ಅರ್ಧ ಕ್ರೆಡಿಟ್; ಹೈಸ್ಕೂಲು ಮುಗಿಸಲು ಕೂಡಿಸಬೇಕಾದ ಲೆಕ್ಕ ಇದು. 71 ತೆಗೆದವನಿಗೂ ಅರ್ಧ, 98 ತೆಗೆದವನಿಗೂ ಅಷ್ಟೇ! ವ್ಯತ್ಯಾಸ ಕಾಣುವುದು ಜಿಪಿಎಯಲ್ಲಿ, ಅಂದ್ರೆ ಎಲ್ಲಾ ವಿಷಯಗಳ ಗ್ರೇಡುಗಳ ಸರಾಸರಿಯಲ್ಲಿ. ಅದನ್ನು ಕಾಲೇಜಿನವರು ನೋಡುತ್ತಾರೆ, ಡಿಪ್ಲೊಮಾಗೆ, ಅಂದ್ರೆ ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟಿಗೆ, ಅದರ ಹಂಗಿಲ್ಲ.

ಮುಂದಿನ ಸೆಮಿಸ್ಟರ್‌ನಲ್ಲಿ 76 ಬಂದರೆ ಸರಾಸರಿ ಸರಿಯಾಗಿ 70 ಆಗುತ್ತದೆ, ಅಲ್ವಾ? ಎಷ್ಟೋ ಸ್ಕೂಲ್ ಡಿಸ್ಟ್ರಿಕ್ಟ್‌ಗಳು (ಊರಿನ ಶಾಲೆಗಳನ್ನು ನಡೆಸುವ ಆಡಳಿತ) ಅದಕ್ಕೆ ಪೂರ್ತಿ ಒಂದು ಕ್ರೆಡಿಟ್ ಕೊಡುತ್ತವೆ. ನಿಮ್ಮಲ್ಲೂ ಹೀಗೇನಾ ಅಂತ ಶಾಲೆಯ ಕೌನ್ಸೆಲರ್‌ಗೆ ಒಂದು ಈಮೇಲ್ ಹಾಕಿ. ಇಲ್ಲದಿದ್ದರೆ ಆ ಅರ್ಧ ಕ್ರೆಡಿಟ್ಟನ್ನು ಬೇಸಿಗೆ ಕ್ಲಾಸಿನಲ್ಲಿ ತುಂಬಿಸಬಹುದು.

ಡಿಪ್ಲೊಮಾಗೆ ಒಟ್ಟು ಕನಿಷ್ಠ 22 ಕ್ರೆಡಿಟ್, ಎಂಡಾರ್ಸ್‌ಮೆಂಟ್ (ಒಂದು ವಿಷಯ ಕ್ಷೇತ್ರದಲ್ಲಿ ಹೆಚ್ಚು ಓದಿದ ಗುರುತು) ಬೇಕಾದರೆ 26. ಅದರಲ್ಲಿ ಇಂಗ್ಲಿಷ್ 4, ಗಣಿತ ಕನಿಷ್ಠ 3. ವ್ಯಾಯಾಮಕ್ಕೂ ಒಂದಿದೆ, ಸುಮ್ನೆ ಆಟ ಅಂತ ಬಿಡಬೇಡಿ.

ಜಾಸ್ತಿ ಜನ ಮರೆಯುವುದು ಒಂದಿದೆ: ಕ್ರೆಡಿಟ್ ತುಂಬಿದರೂ ಸ್ಟಾರ್ (STAAR) ಅನ್ನೋ ರಾಜ್ಯದ ಪರೀಕ್ಷೆಗಳು ಬೇರೆಯೇ ಇವೆ. ಆಲ್ಜೀಬ್ರಾ ಅಲ್ಲೂ ಬರುತ್ತದೆ. ಟ್ಯೂಷನ್‌ಗೆ ದುಡ್ಡು ಹಾಕುವುದಾದರೆ ಅದಕ್ಕೇ ಹಾಕಿ.