ಮುಖ ಆಮೇಲೆ, ಮೊದಲು ಕೂದಲನ್ನು ಒಣಗಿಸಿ ನೋಡಿ

ದುಂಡು ಮುಖ, ದಪ್ಪ ಕೂದಲು, ಸಾಫ್ಟ್ ಬಾಬ್ ಎಂಬ ಗಿಡ್ಡ ಕೂದಲಿನ ಕಟ್ ಮಾಡಿಸುವ ಆಸೆ. ಗದ್ದದವರೆಗೆ ಇಡಿಸಲೇ ಭುಜದವರೆಗೆ ಇಡಿಸಲೇ ಎಂದು ಕೇಳಿದ್ದೀರಿ. ಮೂರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಮೊಬೈಲಿನಲ್ಲಿ ಹುಡುಕುತ್ತ ರಾತ್ರಿ ಒಂದು ಗಂಟೆಯವರೆಗೆ ಎದ್ದಿದ್ದವಳು ನಾನು. ಆಗ ಯಾರಾದರೂ ಎದುರಿಗೆ ಕೂರಿಸಿಕೊಂಡು ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು. ನಿಮಗೆ ಆ ಉಪಕಾರವನ್ನು ನಾನು ಮಾಡುತ್ತೇನೆ.

ನಾನು ಕೊಪ್ಪಳದವಳು. ಸೊಂಟ ಮುಟ್ಟುವ ಜಡೆ ಇತ್ತು. ಭಾನುವಾರ ಕೊಬ್ಬರಿ ಎಣ್ಣೆ, ಸೋಮವಾರ ತಲೆಸ್ನಾನ, ಕೂದಲು ಅರ್ಧ ಒಣಗುವಷ್ಟರಲ್ಲಿ ಬಿಗಿಯಾಗಿ ಜಡೆ ಹೆಣೆದು ಕೆಲಸಕ್ಕೆ ಓಡುವುದು. ಶಾಲೆಗೆ ಹೋಗುವಾಗಿನಿಂದ ಇದೇ ಪದ್ಧತಿ. ಹೀಗಾಗಿ ‘ನಿನ್ನ ಕೂದಲು ಎಂಥದ್ದು’ ಎಂದು ಯಾರು ಕೇಳಿದರೂ ‘ನೆಟ್ಟಗಿದೆ, ದಪ್ಪ ಇದೆ’ ಎನ್ನುತ್ತಿದ್ದೆ. ಈ ಉತ್ತರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ದಿನಗಳಲ್ಲಿ ನನ್ನ ತಲೆಯಲ್ಲಿ ಮುಖ ಬಿಟ್ಟು ಬೇರೇನೂ ಇರಲಿಲ್ಲ. ದುಂಡು ಮುಖಕ್ಕೆ ಇದು, ಉದ್ದ ಮುಖಕ್ಕೆ ಅದು ಎಂಬ ಪಟ್ಟಿಗಳನ್ನೆಲ್ಲ ಓದಿದೆ. ಬ್ರಿಟನ್ನಿನ ಕೇಶ ವಿನ್ಯಾಸಕ ಜಾನ್ ಫ್ರೀಡಾ ಹೆಸರಿನಲ್ಲಿ ಓಡಾಡುವ ಒಂದು ಅಳತೆಯೂ ಸಿಕ್ಕಿತು. ಪೆನ್ಸಿಲನ್ನು ಗದ್ದದ ಕೆಳಗೆ ಅಡ್ಡ ಹಿಡಿಯಬೇಕು, ಕಿವಿಯ ಹಾಲೆಯಿಂದ ಸ್ಕೇಲನ್ನು ನೇರ ಕೆಳಗಿಳಿಸಬೇಕು. ಎರಡೂ ಕೂಡುವ ಜಾಗ ಎರಡೂಕಾಲು ಇಂಚಿಗಿಂತ ಕಡಿಮೆಯಿದ್ದರೆ ಗಿಡ್ಡ ಕೂದಲು ಒಪ್ಪುತ್ತದೆ. ತಮ್ಮನ ಕಂಪಾಸು ಪೆಟ್ಟಿಗೆಯಿಂದ ಸ್ಕೇಲ್ ಕದ್ದು ಅಳೆದುಕೊಂಡೆ. ಎರಡು ಇಂಚು ಬಂತು. ಪರೀಕ್ಷೆ ಪಾಸಾದವಳ ಹಾಗೆ ಕುಣಿದೆ. ಆ ಸ್ಕೇಲು ನನ್ನ ದವಡೆಯನ್ನು ಅಳೆಯಿತೇ ಹೊರತು ತಲೆಯ ಮೇಲಿರುವುದನ್ನು ಅಳೆಯಲಿಲ್ಲ ಎಂಬುದು ಹೊಳೆಯಲೇ ಇಲ್ಲ.

ಗವಿಮಠದ ಜಾತ್ರೆಗೆ ಒಂದು ವಾರವಿದ್ದಾಗ ಪಾರ್ಲರಿಗೆ ಹೋದೆ. ಯಾವ ಪಾರ್ಲರ್ ಎಂದು ಕೇಳಬೇಡಿ. ಆ ಹುಡುಗಿಯ ಕೈ ಚೆನ್ನಾಗಿಯೇ ಇತ್ತು, ತಪ್ಪಿನಲ್ಲಿ ದೊಡ್ಡ ಪಾಲು ನನ್ನದು. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ. ಅದರಲ್ಲಿದ್ದವಳ ಕೂದಲು ರೇಷ್ಮೆಯ ಎಳೆಯಂತೆ ಗದ್ದದಿಂದ ಎರಡು ಬೆರಳು ಕೆಳಗೆ ಇಳಿದು ತುದಿಯಲ್ಲಿ ಸ್ವಲ್ಪ ಒಳಕ್ಕೆ ಬಾಗಿತ್ತು. ಹುಡುಗಿ ಮೊದಲು ಜಡೆಯನ್ನು ಮೇಲೆ ಕೆಳಗೆ ರಬ್ಬರ್ ಹಾಕಿ ಕಟ್ಟಿ ಕತ್ತರಿಸಿ ಕೈಗೆ ಕೊಟ್ಟಳು. ಆಮೇಲೆ ತಲೆ ತೊಳೆದಳು. ಒದ್ದೆ ಕೂದಲನ್ನು ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿ, ಎರಡು ಬೆರಳ ನಡುವೆ ಹಿಡಿದು, ಕೆಳಕ್ಕೆ ಎಳೆದು, ಗದ್ದದಿಂದ ಎರಡು ಬೆರಳು ಕೆಳಗೆ ಕತ್ತರಿ ಓಡಿಸಿದಳು. ಕೊನೆಗೆ ದುಂಡು ಬ್ರಷ್ಷಿಗೆ ಸುತ್ತಿ ಸುತ್ತಿ ಬಿಸಿಗಾಳಿ ಹಿಡಿದಳು. ಕನ್ನಡಿಯಲ್ಲಿ ಫೋಟೋದ ಹುಡುಗಿಯೇ ಕೂತಿದ್ದಳು.

ಎರಡು ದಿನ ನಾನು ರಾಣಿ. ಮೂರನೆಯ ದಿನ ಮನೆಯಲ್ಲಿ ತಲೆಸ್ನಾನ ಮಾಡಿದೆ. ನಲ್ಲಿ ನೀರಿಗೆ ಸರದಿ ಬಂದಿರಲಿಲ್ಲ, ಬೋರಿನ ನೀರು. ಟವೆಲ್ ಬಿಚ್ಚಿ, ಚಹಾ ಕುಡಿದು, ಬಿಸಿಲಿಗೆ ಕೂತು, ಅರ್ಧ ಗಂಟೆಯ ಮೇಲೆ ಕನ್ನಡಿಗೆ ಬಂದರೆ ತಲೆಯ ಮೇಲೆ ಬುಟ್ಟಿ ಮಗುಚಿಟ್ಟಂತಿತ್ತು. ನೆತ್ತಿಯಲ್ಲಿ ಚಪ್ಪಟೆ, ಕಿವಿಯ ಪಕ್ಕದಲ್ಲಿ ಎರಡೂ ಕಡೆ ಉಬ್ಬು, ತುದಿಗಳೆಲ್ಲ ಮೇಲಕ್ಕೆ ಸುರುಳಿ. ಗದ್ದದ ಕೆಳಗಿರಬೇಕಾದದ್ದು ಕಿವಿಯ ಹಾಲೆಯ ಹತ್ತಿರಕ್ಕೆ ಏರಿ ಕೂತಿತ್ತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, “ತಿರುಪತಿಗೆ ಹೋಗಿ ಮುಡಿ ಕೊಟ್ಟಿದ್ದರೆ ಪುಣ್ಯವಾದರೂ ಬರುತ್ತಿತ್ತು,” ಎಂದಳು.

ತಪ್ಪು ಎಲ್ಲಾಯಿತು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಕೂದಲು ನೆಟ್ಟಗಿರಲೇ ಇಲ್ಲ. ಅದು ಅಲೆಯ ಕೂದಲು. ಆದರೆ ಸೊಂಟದವರೆಗಿನ ಉದ್ದದ ಭಾರ ಅಲೆಯನ್ನು ಕೆಳಕ್ಕೆ ಜಗ್ಗಿ ನೇರ ಮಾಡಿತ್ತು. ಉಳಿದಿದ್ದನ್ನು ಎಣ್ಣೆ ಮತ್ತು ಜಡೆ ನೋಡಿಕೊಂಡಿದ್ದವು. ಜಡೆ ಬಿಚ್ಚಿದಾಗ ಕಾಣುತ್ತಿದ್ದ ಅಲೆಯನ್ನು ಜಡೆಯ ಗುರುತು ಎಂದುಕೊಂಡಿದ್ದೆ. ಭಾರ ಕತ್ತರಿಸಿದ ಕೂಡಲೇ ಕೂದಲು ತನ್ನ ಸ್ವಭಾವಕ್ಕೆ ಮರಳಿತು. ಅದರ ಮೇಲೆ, ಅಳತೆ ತೆಗೆದದ್ದು ಒದ್ದೆಯಲ್ಲಿ. ಕೂದಲಿಗೆ ಆಕಾರ ಹಿಡಿದಿಡುವ ಹೈಡ್ರೋಜನ್ ಬಂಧಗಳು ನೀರಿನಲ್ಲಿ ಸಡಿಲವಾಗುತ್ತವೆ. ಹಾಗೆ ಸಡಿಲವಾದ ಕೂದಲನ್ನು ಎಳೆದರೆ ತನ್ನ ಉದ್ದಕ್ಕಿಂತ ಶೇ. 30ರಷ್ಟರವರೆಗೂ ಹಿಗ್ಗುತ್ತದೆ. ಒಣಗಿದಾಗ ಬಂಧಗಳು ಮತ್ತೆ ಕೂಡಿಕೊಳ್ಳುತ್ತವೆ, ಅಲೆ ಏಳುತ್ತದೆ, ಉದ್ದ ಏರುತ್ತದೆ. ನೆಟ್ಟನೆಯ ಕೂದಲಿಗೆ ಇದರಿಂದ ಕಣ್ಣಿಗೆ ಕಾಣುವಂಥ ನಷ್ಟವಿಲ್ಲ. ಅಲೆಯ ಕೂದಲಿಗೆ ಎರಡು ಇಂಚು ಹೋಗುತ್ತದೆ. ಸೊಂಟದವರೆಗಿನ ಜಡೆಯಲ್ಲಿ ಎರಡು ಇಂಚನ್ನು ಯಾರೂ ಗಮನಿಸುವುದಿಲ್ಲ, ಆದರೆ ಬಾಬ್‌ನಲ್ಲಿ ಗದ್ದಕ್ಕೂ ಕಿವಿಗೂ ಇರುವ ವ್ಯತ್ಯಾಸವೇ ಅಷ್ಟು! ಬಿಸಿಗಾಳಿ ಎರಡು ದಿನ ಆ ಅಲೆಯನ್ನು ಅಡಗಿಸಿಟ್ಟಿತ್ತು, ಒಂದು ಚೊಂಬು ನೀರು ಅದನ್ನು ಬಯಲಿಗೆಳೆಯಿತು.

ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂಕಾಲು ಸೆಂಟಿಮೀಟರ್. ಎರಡು ಇಂಚು ಎಂದರೆ ನಾಲ್ಕು ತಿಂಗಳು. ನಾಲ್ಕು ತಿಂಗಳು ಕ್ಲಿಪ್ಪಿನ ಅಂಗಡಿಯವನ ಮನೆ ನಡೆಸಿದೆ.

ತೇರಿನ ದಿನ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ಹೋದೆ. ಓಣಿಯ ಹಿರಿಯರೊಬ್ಬರು ಅವ್ವನಿಗೆ, “ಈ ಕಾಲದಲ್ಲೂ ಎಂಥ ಮರ್ಯಾದೆಯ ಹುಡುಗಿ ನೋಡಮ್ಮ,” ಎಂದರು. ಅವ್ವ ತುಟಿ ಕಚ್ಚಿಕೊಂಡು ನಿಂತಿದ್ದಳು. ತೇರು ಹೊರಟಿತು, ಉತ್ತತ್ತಿ ಎಸೆಯಲು ಕೈ ಎತ್ತಿದೆ, ಸೆರಗು ಜಾರಿತು. ಆ ಹಿರಿಯರು ತೇರನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ನಮ್ಮ ಚಿಕ್ಕವ್ವ ಇರುವುದು ಭಾಗ್ಯನಗರದಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಈ ಊರಿನ ದೊಡ್ಡ ವ್ಯಾಪಾರವೇ ಕೂದಲು. ಬಾಚಿದಾಗ ಉದುರಿದ ಕೂದಲಿನ ಉಂಡೆಗಳು ಮೂಟೆಗಟ್ಟಲೆ ಬರುತ್ತವೆ. ಹೆಂಗಸರು ಅದರ ಸಿಕ್ಕು ಬಿಡಿಸಿ, ತೊಳೆದು, ಒಣಗಿಸಿ, ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ವಿಗ್ಗು ಮಾಡಲು ಅದು ಪರದೇಶಕ್ಕೂ ಹೋಗುತ್ತದೆ. ಚಿಕ್ಕವ್ವ ಮದುವೆಯಾಗಿ ಬಂದಾಗಿನಿಂದ ಆ ಕೆಲಸ ಮಾಡಿದವಳು. ಜಾತ್ರೆಗೆ ಬಂದವಳು ನನ್ನ ತಲೆಯನ್ನು ನೋಡಿ ನಗಲಿಲ್ಲ. “ಒದ್ದೆಯಲ್ಲಿ ಕತ್ತರಿಸಿದರೇ?” ಎಂದಳು. ಹೌದೆಂದೆ. “ಒದ್ದೆ ಕೂದಲನ್ನು ನಾವು ತೂಗುವುದೂ ಇಲ್ಲ, ಅಳೆಯುವುದೂ ಇಲ್ಲ. ಎರಡರಲ್ಲೂ ಮೋಸ.” ಆಮೇಲೆ ನನ್ನ ಕತ್ತರಿಸಿದ ಜಡೆಯನ್ನು ತರಿಸಿ, ಬಿಚ್ಚಿ, ಶಾಂಪೂ ಹಾಕಿ ತೊಳೆದು, ಬಾಗಿಲ ಚಿಲಕಕ್ಕೆ ತೂಗುಹಾಕಿದಳು. ಒದ್ದೆಯಿದ್ದಾಗ ಅದರ ತುದಿ ಎಲ್ಲಿಗೆ ಬರುತ್ತದೆಯೋ ಅಲ್ಲಿ ಬಾಗಿಲಿಗೆ ಕುಂಕುಮದ ಗೆರೆ ಎಳೆದಳು. ಸಂಜೆ ನೋಡಿದರೆ ತುದಿ ಗೆರೆಗಿಂತ ನಾಲ್ಕು ಬೆರಳು ಮೇಲಿತ್ತು, ಮೇಲಿಂದ ಕೆಳಗಿನವರೆಗೂ ಅಲೆ ಅಲೆ. ನನ್ನದೇ ಕೂದಲನ್ನು ಮೊದಲ ಸಲ ನೋಡಿದಂತಾಯಿತು. ಆ ಗೆರೆ ಇನ್ನೂ ಬಾಗಿಲ ಮೇಲಿದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ದುಂಡು ಮುಖಕ್ಕೆ ಬಾಬ್ ಒಪ್ಪುತ್ತದೆಯೇ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಪ್ಪುತ್ತದೆ, ಮುಗಿಯಿತು. ಬೈತಲೆಯನ್ನು ನಡುವಿನಿಂದ ಸ್ವಲ್ಪ ಓರೆಗೆ ತೆಗೆಯಿರಿ, ಉಬ್ಬು ಕೆನ್ನೆಯ ಮಟ್ಟದಲ್ಲಿ ಕೂರದಂತೆ ಉದ್ದವನ್ನು ಗದ್ದದ ಕೆಳಗೆ ಬಿಡಿ. ಉದ್ದ ಮುಖದವರು ಹಣೆಯ ಮೇಲೆ ಒಂದಿಷ್ಟು ಮುಂಗುರುಳು ಬಿಟ್ಟುಕೊಳ್ಳಲಿ. ದವಡೆ ಅಗಲವಿರುವವರು ಸರಿಯಾಗಿ ದವಡೆಯ ಮೇಲೆಯೇ ಕತ್ತರಿಸದಿರಲಿ. ಮುಖದ ಬಗ್ಗೆ ಇದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುವುದು ದಂಡ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ದಪ್ಪ ಕೂದಲು’ ಎಂಬ ಮಾತು. ದಪ್ಪ ಎಂದರೆ ಏನು? ಎಳೆ ದಪ್ಪವೇ, ಎಳೆಗಳ ಸಂಖ್ಯೆ ಹೆಚ್ಚೇ? ನೆಟ್ಟಗೋ, ಅಲೆಯೋ? ನಿಮಗೆ ನಿಜವಾಗಿ ಗೊತ್ತೇ, ಅಥವಾ ನನ್ನ ಹಾಗೆ ಜಡೆಯನ್ನು ನೋಡಿ ಹೇಳುತ್ತಿದ್ದೀರೇ? ಎಣ್ಣೆಯಿಲ್ಲದೆ ತಲೆ ತೊಳೆದು, ಬಾಚದೆ, ಕಟ್ಟದೆ, ತಾನಾಗಿ ಒಣಗಲು ಬಿಟ್ಟು ಒಂದು ಫೋಟೋ ತೆಗೆದುಕೊಳ್ಳಿ. ಕಿವಿಯ ಹತ್ತಿರದ ಗಿಡ್ಡ ಕೂದಲನ್ನು ಮುಖ್ಯವಾಗಿ ನೋಡಿ. ಅದರ ಮೇಲೆ ಭಾರವಿಲ್ಲ, ಅದು ಸುಳ್ಳು ಹೇಳುವುದಿಲ್ಲ. ಹೆಡಕಿನಲ್ಲಿ ಸುಳಿ ಇದೆಯೇ ಎಂದು ಮನೆಯವರಿಂದ ನೋಡಿಸಿ. ಅಲ್ಲಿ ಸುಳಿ ಇದ್ದವರು ಹಿಂಭಾಗವನ್ನು ತೀರ ಗಿಡ್ಡ ಮಾಡಿಸಿದರೆ ಒಂದು ಕಡೆ ಎದ್ದು ನಿಲ್ಲುತ್ತದೆ, ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ. ಪಾರ್ಲರಿನಲ್ಲಿ ತೋರಿಸಬೇಕಾದ ಫೋಟೋ ಈ ನಿಮ್ಮದೇ ಫೋಟೋ. ಪರರ ಮುಖದ ಫೋಟೋ ಅದರ ಪಕ್ಕದಲ್ಲಿರಲಿ.

ಸಾಫ್ಟ್ ಬಾಬ್ ಎನ್ನುವುದು ಹೊಸ ಮಾಯೆಯಲ್ಲ. ಮಾಮೂಲಿ ಬಾಬ್‌ನಲ್ಲಿ ತುದಿ ಗೆರೆ ಕೊರೆದಂತೆ ಇರುತ್ತದೆ. ಇದರಲ್ಲಿ ಕತ್ತರಿಯ ಮೊನೆಯನ್ನು ನೆಟ್ಟಗೆ ಹಿಡಿದು ತುದಿಗಳನ್ನು ಚೂರು ಚೂರು ಒಡೆಯುತ್ತಾರೆ, ಒಳಗಿನ ಭಾರವನ್ನು ಸ್ವಲ್ಪ ತೆಗೆಯುತ್ತಾರೆ. ಆದ್ದರಿಂದ ಇದು ತುಂಬು ಕೂದಲಿನವರ ಕಟ್. ತೆಳು ಕೂದಲಿನವರು ಇದನ್ನು ಮಾಡಿಸಿದರೆ ತುದಿಯಲ್ಲಿ ಬೆಳಕು ಹಾಯುತ್ತದೆ. ಅವರಿಗೆ ಗೆರೆ ಕೊರೆದ ಬಾಬೇ ವಾಸಿ, ಇದ್ದಷ್ಟೂ ಕೂದಲು ಒಂದೇ ಕಡೆ ಕೂಡಿ ದಟ್ಟವಾಗಿ ಕಾಣುತ್ತದೆ. ತುಂಬು ಕೂದಲಿನಲ್ಲಿ ಅಲೆಯೂ ಇದ್ದರೆ ರೇಜರ್ ಬೇಡವೆಂದು ಬಾಯಿಬಿಟ್ಟು ಹೇಳಿ. ತೆಳುಗೊಳಿಸುವ ಹಲ್ಲಿನ ಕತ್ತರಿಯನ್ನೂ ಕೈಬಂದಂತೆ ಓಡಿಸಲು ಬಿಡಬೇಡಿ, ಒಳಗೆ ಗಿಡ್ಡವಾದ ಕೂದಲು ಮೇಲಿನದನ್ನು ನೂಕಿ ನನ್ನ ಬುಟ್ಟಿಯನ್ನು ಮತ್ತೆ ಹೆಣೆಯುತ್ತದೆ.

1960ರ ದಶಕದಲ್ಲಿ ಲಂಡನ್ನಿನ ಕೇಶ ವಿನ್ಯಾಸಕ ವಿಡಾಲ್ ಸಸೂನ್ ಬಾಬ್‌ಗೆ ಹೊಸ ರೂಪ ಕೊಟ್ಟು ಹೆಸರಾದದ್ದೇ, ತೊಳೆದು ತಲೆ ಕೊಡವಿದರೆ ಕೂದಲು ತನ್ನ ಜಾಗಕ್ಕೆ ತಾನೇ ಬಂದು ಕೂರಬೇಕು ಎಂಬ ಹಟದಿಂದ. ನಿಮ್ಮದನ್ನೂ ಹಾಗೆಯೇ ಪರೀಕ್ಷಿಸಿ. ಪಾರ್ಲರಿನಿಂದ ಹೊರಬರುವಾಗಿನ ಅಂದಕ್ಕೆ ಅಂಕ ಕೊಡಬೇಡಿ, ಮನೆಯ ನೀರಿನಲ್ಲಿ ತೊಳೆದ ಮೇಲಿನದ್ದಕ್ಕೆ ಕೊಡಿ. ನಮ್ಮ ಕಡೆಯ ಬೋರಿನ ಗಡಸು ನೀರಿನಲ್ಲಿ ಕೂದಲು ಒರಟಾಗುತ್ತದೆ, ಗಿಡ್ಡ ಕೂದಲಿನಲ್ಲಿ ಆ ಒರಟುತನ ತುದಿಯಲ್ಲೇ ಕಾಣುತ್ತದೆ. ಕೊನೆಯ ಚೊಂಬಿಗಾದರೂ ನಲ್ಲಿಯ ನೀರು ಎತ್ತಿಟ್ಟುಕೊಳ್ಳಿ.

ಗದ್ದವೋ ಭುಜವೋ ಎಂದಿರಿ. ಮೊದಲ ಸಲಕ್ಕೆ ಕೊರಳೆಲುಬಿನವರೆಗೆ, ಅದೂ ಒಣ ಕೂದಲಿನಲ್ಲಿ. ಒದ್ದೆಯಲ್ಲೇ ಕತ್ತರಿಸುವುದು ನಮ್ಮ ರೂಢಿ ಎಂದರೆ ಎರಡು ಇಂಚು ಹೆಚ್ಚು ಬಿಟ್ಟು, ಒಣಗಿಸಿ, ಎಳೆಯದೆ ನೋಡಿ ಉಳಿದದ್ದನ್ನು ತೆಗೆಯಲು ಹೇಳಿ. ಅದಕ್ಕೂ ಒಪ್ಪದಿದ್ದರೆ ಎದ್ದು ಬನ್ನಿ. ಮನೆಯಲ್ಲಿ ಎರಡು ತಲೆಸ್ನಾನವಾದ ಮೇಲೂ ಗಿಡ್ಡ ಬೇಕೆನಿಸಿದರೆ ಮತ್ತೆ ಹೋಗಿ. ಇನ್ನೊಂದು ಲಾಭ: ಏಪ್ರಿಲ್, ಮೇ ಬಿಸಿಲಿನಲ್ಲಿ ಕೊರಳೆಲುಬಿನವರೆಗಿನ ಕೂದಲನ್ನು ಎತ್ತಿ ಕಟ್ಟಬಹುದು, ಗದ್ದದವರೆಗಿನದನ್ನು ಕಟ್ಟಲು ಬರುವುದಿಲ್ಲ. ಬೆವರಿಗೆ ಕತ್ತಿಗೆ ಅಂಟಿಕೊಂಡು ನಿಮ್ಮ ಜೀವ ತಿನ್ನುತ್ತದೆ.

ನನಗೆ ಈಗಲೂ ಬಾಬೇ ಇದೆ, ಒಣ ಕೂದಲಿನಲ್ಲಿ ಕತ್ತರಿಸಿದ್ದು. ಎಂಟು ವಾರಕ್ಕೊಮ್ಮೆ ತುದಿ ಸರಿಮಾಡಿಸುತ್ತೇನೆ. ಹಡಗಲಿ ಮಲ್ಲಿಗೆ ಮುಡಿಯಲು ಮಾತ್ರ ಎರಡು ಪಿನ್ನು ಬೇಕು, ಅದೂ ಜಾರುತ್ತದೆ. ಆ ಹಳೆಯ ಜಡೆ ಅವ್ವನ ಟ್ರಂಕಿನಲ್ಲಿದೆ. ಬಂದಾಗಲೆಲ್ಲ ಚಿಕ್ಕವ್ವ ಅದನ್ನು ಹೊರಗೆ ತೆಗೆಸಿ, ಬೆರಳಲ್ಲಿ ಸವರಿ, ಒಂದು ಬೆಲೆ ಹೇಳುತ್ತಾಳೆ. ಅವ್ವ ಕೊಡುವುದಿಲ್ಲ.