ಔಷಧಿ ನಾಟದ ಕೋಳಿಗೆ ಪರ್ಯಾಯ ಏನು?

ಪ್ರಶ್ನೆ: ಸಿದ್ದಾಪುರದ ಹತ್ತಿರ ಎಂಟುನೂರು ಬ್ರಾಯ್ಲರ್ ಸಾಕಿದ್ದೇವೆ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿ ದಿನವೂ ಕೋಳಿ ಸಾಯುತ್ತಿವೆ. ಲ್ಯಾಬ್ ರಿಪೋರ್ಟ್ ಪ್ರಕಾರ ಎಂಟು ಆಂಟಿಬಯಾಟಿಕ್‌ಗಳಲ್ಲಿ ಏಳು ನಾಟುವುದಿಲ್ಲ. ಬೆಳ್ಳುಳ್ಳಿ, ಅರಿಶಿನ ಸಾಕೇ? ಬ್ಯಾಕ್ಟೀರಿಯಾ ಕೊಲ್ಲುವ ವೈರಸ್ ಇದೆಯಂತಲ್ಲ, ಬ್ಯಾಕ್ಟೀರಿಯೋಫೇಜ್, ಅದನ್ನು ತರಿಸಬಹುದೇ?

ಉತ್ತರ: ಮಳೆ ಹಿಡಿದರೆ ಸಾಕು, ನನಗೆ ಇದೇ ಪ್ರಶ್ನೆ. ಕೇಳುವುದು ಮಾತ್ರ ಕೋಳಿ ಸಾಯತೊಡಗಿದ ಮೇಲೆ. ಸತ್ತ ಕೋಳಿಯನ್ನು ಕೊಯ್ದು ನೋಡಿದವರಿಗೆ ಗೊತ್ತು: ಪಿತ್ತಜನಕಾಂಗದ ಮೇಲೂ ಹೃದಯದ ಮೇಲೂ ಹಾಲಿನ ಕೆನೆಯಂಥ ಹಳದಿ ಪೊರೆ ಕಟ್ಟಿರುತ್ತದೆ. ಅಲ್ಲಿಗೆ ಬೆಳ್ಳುಳ್ಳಿ ತಲುಪುವುದಿಲ್ಲ.

ಫೇಜ್ ಸುಳ್ಳಲ್ಲ. 1919ರಲ್ಲೇ ಫ್ರಾನ್ಸಿನಲ್ಲಿ ವಿಜ್ಞಾನಿ ಫೆಲಿಕ್ಸ್ ಡೆರೆಲ್ ಕೋಳಿಗಳ ಟೈಫಾಯ್ಡ್ ಮೇಲೆ ಅದನ್ನು ಪ್ರಯೋಗಿಸಿದ್ದರು. ಆದರೆ ಒಂದು ಫೇಜ್ ಕೊಲ್ಲುವುದು ಕೆಲವೇ ತಳಿಯ ಬ್ಯಾಕ್ಟೀರಿಯಾಗಳನ್ನು. ನಿಮ್ಮ ಶೆಡ್ಡಿನ ತಳಿಯ ಮೇಲೆ ಪರೀಕ್ಷಿಸದೆ ಬಾಟಲಿ ಕೊಂಡರೆ ದುಡ್ಡು ದಂಡ.

ಉಳಿದಿರುವ ಆ ಒಂದು ಔಷಧಿಯನ್ನು ಪಶುವೈದ್ಯರು ಬರೆದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಪೂರ್ತಿ ಕೊಡಿ. ಅದು ಕೊಲಿಸ್ಟಿನ್ ಆಗಿದ್ದರೆ ಮುಟ್ಟಬೇಡಿ. ಮನುಷ್ಯರಿಗೆ ಕೊನೆಯ ಆಸರೆಯಾದ ಔಷಧಿ ಎಂದೇ 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ಕೋಳಿಗಳಿಗೆ ನಿಷೇಧಿಸಿತು. ತೂಕಡಿಸುವ ಕೋಳಿಗಳನ್ನು ಇವತ್ತೇ ಬೇರೆ ಮಾಡಿ.

ಈಗ ಮೂಲಕ್ಕೆ ಬರೋಣ. ಜಡಿಮಳೆಗೆ ಹೆದರಿ ಸುತ್ತಲೂ ಟಾರ್ಪಾಲು ಬಿಗಿದಿರುತ್ತೀರಿ. ಕೋಳಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಉಸಿರೆಳೆದು ನೋಡಿ. ಕಣ್ಣು ಉರಿದರೆ ಅದು ಒದ್ದೆ ಹಿಕ್ಕೆಯಿಂದೇಳುವ ಅಮೋನಿಯಾ. ಶ್ವಾಸನಾಳದ ಸೂಕ್ಷ್ಮ ರೋಮಗಳನ್ನು ಅದು ಹಾಳುಮಾಡುತ್ತದೆ, ಧೂಳಿನಲ್ಲಿರುವ ಇ. ಕೋಲೈ ಸಲೀಸಾಗಿ ಒಳಗಿಳಿಯುತ್ತದೆ. ನೆಲದ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಉಂಡೆಯಾಗಿಯೇ ಉಳಿದರೆ ಒದ್ದೆ. ಗಟ್ಟಿಯಾದದ್ದನ್ನು ತೆಗೆದು ಒಣ ಭತ್ತದ ಹೊಟ್ಟು ಹಾಕಿ, ದಿನವೂ ಕೆದಕಿ, ಟಾರ್ಪಾಲಿನ ಮೇಲ್ಭಾಗ ಗಾಳಿಗೆ ಬಿಡಿ, ಸೋರುವ ನೀರಿನ ನಿಪ್ಪಲ್ ಬದಲಿಸಿ. ಮಳೆಗಾಲದಲ್ಲಿ ತೋಟದ ಕೆರೆಯ ನೀರನ್ನು ಕ್ಲೋರಿನ್ ಹಾಕದೆ ಕೊಡಲೇಬೇಡಿ.

ಪ್ರೊಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದಾದ ಜೀವಾಣುಗಳು, ಮುಂದಿನ ಬ್ಯಾಚಿಗೆ, ಮೊದಲ ದಿನದಿಂದಲೇ. ತಾಯಿಕೋಳಿಯ ಜೊತೆ ಬೆಳೆದ ಮರಿಗೆ ಒಳ್ಳೆಯ ಜೀವಾಣುಗಳು ತಾಯಿಯಿಂದ ಬರುತ್ತವೆ, ಹ್ಯಾಚರಿ ಮರಿಗೆ ಆ ಭಾಗ್ಯವಿಲ್ಲ. ದೊಡ್ಡ ಕೋಳಿಯ ಕರುಳಿನ ಜೀವಾಣು ಕೊಟ್ಟರೆ ಮರಿಗಳು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ ಎಂದು ಫಿನ್ಲೆಂಡಿನ ವಿಜ್ಞಾನಿಗಳಾದ ನುರ್ಮಿ ಮತ್ತು ರಂಟಾಲ 1973ರಲ್ಲೇ ತೋರಿಸಿದರು. ಆದರೆ ಕ್ಲೋರಿನ್ ನೀರಿಗೆ ಪ್ರೊಬಯಾಟಿಕ್ ಬೆರೆಸುತ್ತೀರಲ್ಲ, ಅದು ಸತ್ತೇ ಹೋಗುತ್ತದೆ! ಮೇವಿಗೆ ಬೆರೆಸಿ.

ಪ್ರಶ್ನೆ: ಕೊಕ್ಕರೆ ರೋಗಕ್ಕೆ (ರಾಣಿಖೇತ್) ಯಾವ ಆಂಟಿಬಯಾಟಿಕ್?

ಉತ್ತರ: ಯಾವುದೂ ಅಲ್ಲ. ಅದು ವೈರಸ್, ಲಸಿಕೆ ಹಾಕಿಸಿ.

ಪ್ರಶ್ನೆ: ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪುಡಿಯಿಂದ ಕೋಳಿ ಚೇತರಿಸಿಕೊಂಡಿತು. ಮುಂದುವರಿಸಲೇ?

ಉತ್ತರ: ಬೇಡ. ಲೇಬಲ್ ಇಲ್ಲದ ಪುಡಿಯಲ್ಲಿ ಆಂಟಿಬಯಾಟಿಕ್ ಬೆರೆತಿದ್ದರೂ ನಿಮಗೆ ತಿಳಿಯುವುದಿಲ್ಲ. ಮಾರುವವನು ಮುಂದಿನ ವಾರ ಇನ್ನೊಂದು ಸಂತೆಗೆ ಹೋಗುತ್ತಾನೆ. ಆ ಕೋಳಿಯ ಸಾರು ಉಣ್ಣುವುದು ನಿಮ್ಮ ಮಕ್ಕಳು.